ಕೊಟ್ಟಿಗೆ ಮಾಡಿನ ಮೇಲೆ ಸೋಲಾರ್ ಹಾಕಿಸಿದ್ದು

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಏಳು ಜನ. ಫ್ರಿಜ್ಜು, ಗ್ರೈಂಡರ್, ವಾಷಿಂಗ್ ಮಷಿನ್, ಗೀಸರ್ ಎಲ್ಲ ಸೇರಿ ತಿಂಗಳಿಗೆ 250 ಯುನಿಟ್ ದಾಟುತ್ತಿತ್ತು. 2023ರಲ್ಲಿ ಗೃಹಜ್ಯೋತಿ ಬಂದಾಗ ಅಕ್ಕಪಕ್ಕದವರಿಗೆಲ್ಲ ಸೊನ್ನೆ ಬಿಲ್. ನಮಗೆ ಇಲ್ಲ, ಯಾಕೆಂದರೆ 200 ಯುನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಸೋಲಾರ್ ಯೋಚನೆ ಹುಟ್ಟಿದ್ದೇ ಅಲ್ಲಿಂದ.

2024ರ ಫೆಬ್ರವರಿಯಲ್ಲಿ ಕೇಂದ್ರದ ಸೂರ್ಯಘರ್ ಯೋಜನೆ ಬಂತು. 1 ಕಿಲೋವ್ಯಾಟಿಗೆ ₹30,000, 2ಕ್ಕೆ ₹60,000, 3 ಅಥವಾ ಹೆಚ್ಚಿದ್ದರೆ ₹78,000 ಸಬ್ಸಿಡಿ. ನಾವು 3 ಕಿಲೋವ್ಯಾಟ್ ಹಾಕಿಸಿದೆವು, ಒಟ್ಟು ₹1.90 ಲಕ್ಷ ಆಯ್ತು. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರ ಅಲ್ಲ, ಬಿಸಿಲನ್ನು ಕರೆಂಟು ಮಾಡುವ ಅದರೊಳಗಿನ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾಗಿರಬೇಕು, ಅಂಥದ್ದಕ್ಕೆ ದರ ಸ್ವಲ್ಪ ಜಾಸ್ತಿ. ಹೊರದೇಶದ ಪ್ಯಾನೆಲ್ ಮೇಲೆ 2022ರ ಏಪ್ರಿಲ್‌ನಿಂದಲೇ ಶೇ. 40 ಸುಂಕ ಇದೆ. ಅಂದರೆ ನಮ್ಮ ಮಾಡಿನ ಮೇಲೆ ಯಾವ ಪ್ಯಾನೆಲ್ ಕೂರಬೇಕು, ಎಷ್ಟು ಕೂರಬೇಕು ಅನ್ನೋದು ಅರ್ಧ ದೆಹಲಿಯಲ್ಲೇ ತೀರ್ಮಾನ ಆಗಿರುತ್ತದೆ. ಇತ್ತ ಸೊನ್ನೆ ಬಿಲ್ ಬರುವ ಮನೆಯವರು ಕೈಯಿಂದ ಲಕ್ಷ ರೂಪಾಯಿ ಯಾಕೆ ಹಾಕುತ್ತಾರೆ ಹೇಳಿ? ಬಡವರ ಮನೆಗೆ ಉಚಿತ ಕರೆಂಟು ಬೇಕೇ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದೇ ಹಣದಲ್ಲಿ ಅವರ ಮಾಡಿಗೂ ಸೋಲಾರ್ ಹಾಕಿಸಿಕೊಡಬಹುದಲ್ವಾ ಅಂತ ಅನ್ನಿಸುತ್ತಲೇ ಇರುತ್ತದೆ.

ಮನೆಗೆ ಹಂಚಿನ ಮಾಡು, ಮೇಲೆ ಹಲಸಿನ ಮರದ ನೆರಳು. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಸರಪಳಿ ಹಾಗೆ ಜೋಡಿಸುವುದರಿಂದ ಒಂದರ ಮೇಲೆ ನೆರಳು ಬಿದ್ದರೂ ಉಳಿದವುಗಳಿಗೂ ಪೆಟ್ಟು. "ಮರ ಕಡಿಯದು ಬ್ಯಾಡ ತಮಾ" ಅಂದರು ಆಯಿ. ನನಗೂ ಮನಸ್ಸಿರಲಿಲ್ಲ. ಕೊನೆಗೆ ಕೊಟ್ಟಿಗೆಯೇ ಸರಿ ಅಂತಾಯ್ತು, ಅದರ ಶೀಟಿನ ಮಾಡು ದಕ್ಷಿಣಕ್ಕೆ ಇಳಿಜಾರಾಗಿದೆ. ಹಳೇ ಕಂಬ ಮಳೆಗಾಲದ ಗಾಳಿಗೆ ತಡೆಯೋದಿಲ್ಲ ಅಂತ ಕಬ್ಬಿಣದ ಫ್ರೇಮ್ ಬೇರೆ ಹಾಕಿಸಿದೆ. ಲೈನಿಗೆ ಕೊಟ್ಟ ಕರೆಂಟು, ಲೈನಿನಿಂದ ಪಡೆದ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಕೂರಲು ಎರಡು ತಿಂಗಳು ಹಿಡಿಯಿತು.

ಜೂನ್‌ನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ನಡುವೆ ಒಂದು ಮಧ್ಯಾಹ್ನ ಚೆನ್ನಾಗಿ ಬಿಸಿಲು ಬಂತು. ಪ್ಯಾನೆಲ್ ಹೊಳೆಯುತ್ತಿದೆ, ಒಳಗೆ ಮಿಕ್ಸಿ ತಿರುಗುತ್ತಿಲ್ಲ! ಬ್ಯಾಟರಿ ಇಲ್ಲದೆ ನೇರ ಲೈನಿಗೇ ಜೋಡಿಸುವ ಆನ್‌ಗ್ರಿಡ್ ಇನ್ವರ್ಟರ್ ಇರುವುದೇ ಹಾಗೆ. ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ, ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿ ಮಾಡುವವರ ಜೀವಕ್ಕೆ ಅಪಾಯ. ಹಾಕಿದವರು ಇದನ್ನು ಮೊದಲು ಹೇಳಿರಲಿಲ್ಲ. ಮಲೆನಾಡಿನಲ್ಲಿ ಹಾಕಿಸುವವರು ಬ್ಯಾಟರಿ ಸೇರಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬಗ್ಗೆ ಮೊದಲೇ ಕೇಳಿಕೊಳ್ಳಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಮಾರ್ಚ್‌ನಲ್ಲಿ ದಿನಕ್ಕೆ 12 ಯುನಿಟ್ ಕೊಡುವ ಇದೇ ಪ್ಯಾನೆಲ್, ಜುಲೈನಲ್ಲಿ ಎಷ್ಟೋ ದಿನ 3 ಕೂಡ ಕೊಡಲಿಲ್ಲ.

ಹಾಕಿಸಿದ ಮೇಲೆ ಇನ್ನೊಂದು ವಿಷಯ ತಲೆ ಹೊಕ್ಕಿತು. ಹಗಲು ನಾನು ಕರೆಂಟು ಕೊಡುತ್ತೇನೆ, ಸಂಜೆ ಏಳಕ್ಕೆ ಲೈನಿನಿಂದ ವಾಪಸ್ ಎಳೆಯುತ್ತೇನೆ. ಎಲ್ಲರೂ ಹೀಗೇ ಮಾಡಿದರೆ ಹಗಲಿನದ್ದನ್ನು ಎಲ್ಲಿ ಕೂಡಿಡೋದು? ಆ ಪ್ರಶ್ನೆಗೆ ಸರ್ಕಾರದ ಉತ್ತರ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಗೇರುಸೊಪ್ಪೆ. ಉಳಿದ ಕರೆಂಟಿನಿಂದ ಅಲ್ಲಿಯ ಶರಾವತಿ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ತೆಗೆಯುವ ಯೋಜನೆ. ಅದಕ್ಕೆ ಸಿಂಗಳೀಕಗಳಿರುವ ಕಾಡನ್ನು ಅಗೆಯಬೇಕು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ಕಟ್ಟಿಯಾಯಿತು. ಕೈಗಾದಲ್ಲಿ 220 ಮೆಗಾವ್ಯಾಟಿನ 4 ಅಣು ಘಟಕ ಇವೆ. ಇನ್ನೂ ಎಷ್ಟು ಕೊಡಬೇಕು ಈ ಜಿಲ್ಲೆ? ನಾನಂತೂ ಆ ಯೋಜನೆ ಬೇಡ ಅನ್ನುವವರ ಜೊತೆ ಇದ್ದೇನೆ.

ಬೇಡ ಅಂದಮೇಲೆ ನಮ್ಮ ಸಂಜೆಯ ಬಳಕೆ ಕಡಿಮೆ ಮಾಡಬೇಕು. ಗೀಸರ್ ತೆಗೆದು ಬಚ್ಚಲ ಒಲೆಗೇ ವಾಪಸ್ ಬಂದೆವು, ಅಡಿಕೆ ಸಿಪ್ಪೆ ಹೇಗೂ ರಾಶಿ ಇದೆ. ದೋಸೆ ಹಿಟ್ಟು ರುಬ್ಬುವುದು, ಬಟ್ಟೆ ಒಗೆಯುವುದು ಈಗ ಹನ್ನೊಂದು ಗಂಟೆಯ ಬಿಸಿಲಲ್ಲಿ. ಆಯಿ ಮೊದಲು ಅಂಗಳಕ್ಕೆ ಬಂದು ಕೊಟ್ಟಿಗೆ ಮಾಡಿನ ಮೇಲೆ ಬಿಸಿಲು ಬಿದ್ದಿದೆಯಾ ನೋಡುತ್ತಾರೆ, ಆಮೇಲೆ ಗ್ರೈಂಡರ್ ಸ್ವಿಚ್ ಹಾಕುತ್ತಾರೆ.