ಮಗೂಗೆ ಸುಟ್ರೆ ಮೊದ್ಲು ನಲ್ಲಿ ಹತ್ರ ಎತ್ಕೊಂಡು ಓಡಿ

ನಮ್ಮ ಮಂಡ್ಯ ಕಡೆ ಮಗು ಮೇಲೆ ಬಿಸಿ ಕಾಫಿನೋ ಸಾರೋ ಚೆಲ್ತು ಅಂದ್ರೆ ಒಬ್ರು ಟೂತ್‌ಪೇಸ್ಟ್ ತರ್ತಾರೆ ಇನ್ನೊಬ್ರು ಇಂಕ್ ತರ್ತಾರೆ, ದಯವಿಟ್ಟು ಎರಡೂ ಹಚ್ಬೇಡಿ. ನನ್ ಮಗಳು ಕಾಫಿ ಲೋಟ ಎಳ್ಕೊಂಡು ಕೈ ಕೆಂಪಗಾದಾಗ ಅವಳ ಬೆಳ್ಳಿ ಬಳೆ ಬಿಚ್ಚಿ ನಲ್ಲಿ ಕೆಳಗೆ ಹಿಡ್ಕೊಂಡು ನಿಂತೆ, ಅವಳು ಅಳ್ತಾನೇ ಇದ್ಲು, ಆದ್ರೂ ಪೂರ್ತಿ 20 ನಿಮಿಷ ಬಿಡ್ಲಿಲ್ಲ, ಆಮೇಲೆ ಡಾಕ್ಟರ್ ಹತ್ರ ಹೋದ್ವಿ. ಹರಿಯೋ ತಣ್ಣೀರು ಸಾಕು, ಐಸ್ ಬೇಡ.

ಬೊಬ್ಬೆ ಒಡೀಬೇಡಿ, ಅಂಟಿರೋ ಬಟ್ಟೆ ಕೀಳ್ಬೇಡಿ. ಆಲೆಮನೆ ಪಾಕ ತಾಗಿದ್ರೂ ಇದೇ, ಅದು ಅಂಟ್ಕೊಂಡು ಆಳಕ್ಕೆ ಸುಡುತ್ತೆ, ನೀರು ಬಿಡ್ತಾನೇ 108ಕ್ಕೆ ಫೋನ್ ಮಾಡಿ. ಮುಖ, ಕೈ, ಕೀಲು ಸುಟ್ಟಿದ್ರೂ ಆಸ್ಪತ್ರೆಗೆ ಹೋಗ್ಲೇಬೇಕು. ಅಜ್ಜಿ-ತಾತಂಗೂ ಇವತ್ತೇ ಹೇಳ್ಕೊಡಿ, ಹಗಲೊತ್ತು ಮಗು ಜೊತೆ ಇರೋರು ಅವ್ರೇ ಅಲ್ವಾ.