ಫ್ಲೀಸ್ ಇನ್ ಪಬ್ಬನ್ನು ಅಳೆದ ಬಗೆ

ಇಂಗ್ಲೆಂಡಿನ ವುಸ್ಟರ್‌ಶೈರ್‌ನಲ್ಲಿರುವ ಬ್ರೆಟ್‌ಫರ್ಟನ್ ಹಳ್ಳಿಯ ಫ್ಲೀಸ್ ಇನ್ ಪಬ್‌ನ ನಕ್ಷೆ ತೆಗೆಯುವಾಗ ನಾನು ಲೇಸರ್ ಉಪಕರಣ ಬಳಸಲಿಲ್ಲ. ಅಳತೆಪಟ್ಟಿ, ದಾರ, ಪೆನ್ಸಿಲ್, ಟಾರ್ಚ್ ಇಷ್ಟೇ ಸಾಕಾಯಿತು. ಮರದ ಹಳೆಯ ಕಟ್ಟಡವನ್ನು ಕೈಯಿಂದಲೇ ಅಳೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಅಳೆಯಲು ಒಂದೊಂದು ಕಂಬದ ಮುಂದೆಯೂ ನಿಲ್ಲಬೇಕಾಗುತ್ತದೆ, ನಿಂತರೆ ಅದು ಕಾಣುತ್ತದೆ.

ಇದು ಪಬ್ ಎಂದು ಕಟ್ಟಿದ್ದಲ್ಲ. 15ನೇ ಶತಮಾನದ ರೈತನ ಮನೆ, 1848ರಲ್ಲಿ ಪಬ್ ಆಯಿತು. ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ಇದನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟು ತೀರಿಕೊಂಡರು. ಆದ್ದರಿಂದ ನಾನು ಮದ್ಯದ ಕಟ್ಟೆಯನ್ನು ಮರೆತು, ಮನೆಯನ್ನು ಹುಡುಕುತ್ತಾ ಹೋದೆ.

ಮೊದಲು ಎಲ್ಲ ಕೋಣೆಗಳ ಸುತ್ತ ಒಂದೇ ಮಟ್ಟದಲ್ಲಿ ದಾರ ಕಟ್ಟಿದೆ. ನೆಲ ಏರುತಗ್ಗಾಗಿರುವುದರಿಂದ ಎತ್ತರವನ್ನೆಲ್ಲ ಆ ದಾರದಿಂದಲೇ ಅಳೆಯಬೇಕು. ಆಮೇಲೆ ಪ್ರತಿ ಕೋಣೆಯ ಎರಡೂ ಕರ್ಣಗಳು. ಇಂಥ ಮನೆಗಳಲ್ಲಿ ನೇರ ಮೂಲೆ ಸಿಗುವುದೇ ಅಪರೂಪ. ನಾಲ್ಕು ಗೋಡೆಗಳನ್ನಷ್ಟೇ ಅಳೆದರೆ ಕಾಗದದ ಮೇಲೆ ಕೋಣೆ ಯಾವ ಕಡೆಗೆ ಬೇಕಾದರೂ ವಾಲುತ್ತದೆ. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತಿ, ಮರದ ಗೂಟ ಹೊಡೆದು ಜೋಡಿಸುತ್ತಿದ್ದರು. ಅದು ನಿಂತಲ್ಲೇ ಒಣಗಿ ತಿರುಚಿಕೊಳ್ಳುತ್ತಿತ್ತು.

ಹೆಚ್ಚು ಹೊತ್ತು ಹಿಡಿದದ್ದು ತೊಲೆಗಳು. ಟಾರ್ಚನ್ನು ಮರಕ್ಕೆ ಒತ್ತಿ, ಬೆಳಕು ಅಡ್ಡಡ್ಡ ಹರಿಯುವಂತೆ ಹಿಡಿಯಬೇಕು. ಆಗ ಉಳಿಯ ಗುರುತುಗಳು ಎದ್ದು ಕಾಣುತ್ತವೆ. ಬಡಗಿಗಳು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಕೀಲುಗಳಿಗೆ ರೋಮನ್ ಅಂಕಿ ಕೆತ್ತಿ, ಬಿಚ್ಚಿ, ಜಾಗಕ್ಕೆ ಒಯ್ದು ಎತ್ತುತ್ತಿದ್ದರು. ತೊಲೆಯ ಅಡಿಯಲ್ಲಿ ಖಾಲಿ ಗುಳಿಗಳ ಸಾಲು ಕಂಡರೆ ಅಲ್ಲಿ ಹಿಂದೊಮ್ಮೆ ಗೋಡೆಯಿತ್ತು ಎಂದರ್ಥ. ಮರಕ್ಕೆ ದಪ್ಪಗೆ ಕಪ್ಪು ಬಣ್ಣ ಬಳಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ‘ಹಳೆಯ ಕಳೆ’ ಎಂದು ಜನ ಮೆಚ್ಚುವ ಆ ಕಪ್ಪು ಬಹುಪಾಲು 19ನೇ ಶತಮಾನದ ಒಲವು, ನನಗದು ಹಿಡಿಸುವುದಿಲ್ಲ.

ಅಗ್ಗಿಷ್ಟಿಕೆಯ ಮುಂದೆ ನೆಲದ ಮೇಲೆ ಬಿಳಿ ವೃತ್ತಗಳಿವೆ. ಚಿಮಣಿಯಿಂದ ಮಾಟಗಾತಿಯರು ಇಳಿದು ಬರದಿರಲೆಂದು ಬರೆದವು. ಬರಿಯ ಬಣ್ಣವೆಂದು ಅವನ್ನು ನಕ್ಷೆಯಿಂದ ಕೈಬಿಡಲು ನನಗೆ ಮನಸ್ಸಾಗಲಿಲ್ಲ. ಒಲೆಯ ಎರಡು ಮೂಲೆಗಳಿಂದ ಪ್ರತಿ ವೃತ್ತದ ಕೇಂದ್ರಕ್ಕೆ ಅಳತೆ ಹಿಡಿದು ಸೇರಿಸಿದೆ.

2004ರಲ್ಲಿ ಇಲ್ಲಿನ ಹುಲ್ಲಿನ ಚಾವಣಿಗೆ ಬೆಂಕಿ ಬಿದ್ದಿತ್ತು. ದುರಸ್ತಿಯಾಗಿ ಮರುವರ್ಷ ಬಾಗಿಲು ತೆರೆಯಿತು. ಅದಕ್ಕೇ ಹೊಸ ಮರವನ್ನು ತುಂಡುಗೆರೆಯಲ್ಲಿ ತೋರಿಸಿ, ಉಳಿದ ಪ್ರತಿ ತೊಲೆಗೂ ಸಂಖ್ಯೆ ಕೊಟ್ಟು, ಅಗಲ ದಪ್ಪಗಳನ್ನು ಎರಡೂ ತುದಿಯಲ್ಲಿ ಬರೆದಿದ್ದೇನೆ. ಮುಂದೆಂದಾದರೂ ಬದಲಿ ಮರ ಕೊಯ್ಯುವ ಬಡಗಿ ಮೊದಲು ಕೇಳುವುದು ಅದನ್ನೇ.