ಹತ್ತು ಮಳೆಗಾಲ ಕಂಡ ನಮ್ಮ ಒಲೆ

ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಮನೆಯಲ್ಲಿ ಗ್ಯಾಸ್ ಇದೆ. ಆದರೂ ಬೆಳಗಿನ ಕಡುಬು, ಹಂದಿ ಸಾರು ಸೌದೆ ಒಲೆಯಲ್ಲೇ ಆಗಬೇಕು. ಹತ್ತು ಮಳೆಗಾಲದ ಹಿಂದೆ ಹಳೇ ಒಲೆ ಕೆಡವಿ ಅಸ್ತ್ರ ಒಲೆ ಕಟ್ಟಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದು. ಸಾಲಾಗಿ ಮೂರು ಪಾತ್ರೆ, ಸೌದೆ ಕೆಳಗೆ ಜಾಲರಿ, ಕೊನೆಯಲ್ಲಿ ಚಿಮಣಿ.

ಮೊದಲ ಜೂನ್‌ನಲ್ಲೇ ಎಡವಟ್ಟು. ಮೇಸ್ತ್ರಿ ಚಿಮಣಿಯನ್ನು ಹೆಂಚಿನಿಂದ ಒಂದಡಿ ಮಾತ್ರ ಎಬ್ಬಿಸಿದ್ದ. ಗಾಳಿ ಬೀಸಿದರೆ ಹೊಗೆಯೆಲ್ಲ ವಾಪಸ್ ಅಡುಗೆಮನೆಗೆ! ಮಾಡಿನ ನೆತ್ತಿಗಿಂತ ಎರಡಡಿ ಎತ್ತರಿಸಿ ಟೊಪ್ಪಿ ಹಾಕಿಸಿದೆ.

ಆಮೇಲೆ ಕೊಳವೆಯ ಜೋಡಣೆಯಿಂದ ಕಪ್ಪು ನೀರು ತೊಟ್ಟಿಕ್ಕತೊಡಗಿತು. ಮಳೆ ನೀರೆಂದು ಎರಡು ಸಲ ಸಿಮೆಂಟ್ ಮೆತ್ತಿದೆ. ಬೆರಳಿಂದ ಮುಟ್ಟಿದರೆ ಅಂಟು, ಡಾಂಬರಿನ ವಾಸನೆ. ತಪ್ಪು ನನ್ನದೇ, ಕಾಫಿ ಗಿಡದ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರದ ಸೌದೆಯನ್ನು ಹಸಿಯಾಗಿಯೇ ಉರಿಸುತ್ತಿದ್ದೆ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಉರಿಯ ಶಾಖದ ಒಂದು ಪಾಲು ಆ ನೀರು ಕುದಿಸುವುದಕ್ಕೇ ಹೋಗುತ್ತದೆ. ಹೊಗೆ ಪೂರ್ತಿ ಉರಿಯದೆ ಮೇಲೇರಿ, ತಣ್ಣನೆ ಕೊಳವೆಗೆ ಅಂಟಿಕೊಳ್ಳುತ್ತದೆ. ಈಗ ನೆರಳು ಮರದ ಕೊಂಬೆ ಕಡಿದರೆ ಸೀಳಿ ಶೆಡ್ಡಿನಲ್ಲಿ ಪೇರಿಸಿಟ್ಟು, ಮುಂದಿನ ವರ್ಷಕ್ಕೇ ಬಳಸುವುದು. ಎರಡು ತುಂಡು ಒಂದಕ್ಕೊಂದು ಬಡಿದು ನೋಡುತ್ತೇನೆ. ಟಣ್ ಅಂದರೆ ಒಲೆಗೆ, ದಬ್ ಅಂದರೆ ವಾಪಸ್ ಶೆಡ್ಡಿಗೆ.

ಚಿಮಣಿ ಹೊಗೆಯನ್ನು ಇಲ್ಲವಾಗಿಸುವುದಿಲ್ಲ, ಸುಮ್ನೆ ಹೊರಗೆ ಸಾಗಿಸುತ್ತದೆ ಅಷ್ಟೇ. ಪಕ್ಕದ ಲೈನ್ ಮನೆಯವರೂ (ತೋಟದ ಕೆಲಸಗಾರರ ಸಾಲುಮನೆ) ಉಸಿರಾಡಬೇಕಲ್ವಾ? ಹಾಗಾಗಿ ಉರಿ ಹಿಡಿದ ಹತ್ತು ನಿಮಿಷಕ್ಕೆ ಅಂಗಳಕ್ಕೆ ಬಂದು ತಲೆ ಎತ್ತಿ ನೋಡುವುದು ಅಭ್ಯಾಸವಾಗಿದೆ. ಆಗಲೂ ದಟ್ಟ ಹೊಗೆ ಇದ್ದರೆ ಸೌದೆಯೋ ಒಲೆಯೋ ಕೈಕೊಟ್ಟಿದೆ ಎಂದೇ ಲೆಕ್ಕ.

ಬಾಳಿಕೆಯ ವಿಷಯಕ್ಕೆ ಬಂದರೆ, ಜಾಲರಿ ನಾಲ್ಕನೇ ವರ್ಷ ಬಾಗಿತು. ಕೆಳಗೆ ಬೂದಿ ತುಂಬಿ ಗಾಳಿ ಕಟ್ಟಿತ್ತು, ಕಬ್ಬಿಣ ಕೆಂಪಗೆ ಕಾದು ಕಾದು ಸೋತಿತ್ತು. ಅದು ಕಣ್ಣಿಗೆ ಕಾಣುವ ಪೆಟ್ಟು. ಕಾಣದ್ದು ಇನ್ನೊಂದಿದೆ. ಪಾತ್ರೆಯ ತಳಕ್ಕೂ ಒಳಗಿನ ಮಣ್ಣಿನ ದಿಬ್ಬಕ್ಕೂ ನಡುವಿನ ಸಂದು. ಮಣ್ಣು ಉದುರಿ ಸಂದು ಅಗಲವಾದಂತೆ ಉರಿ ಪಾತ್ರೆ ಮುಟ್ಟದೆ ಸೀದಾ ಚಿಮಣಿಗೆ ಓಡುತ್ತದೆ. ಆರನೇ ವರ್ಷ ಸೌದೆ ಯಾಕೋ ಜಾಸ್ತಿ ಬೇಕಾಗುತ್ತಿದೆ ಅಂತ ಗೊಣಗುತ್ತಿದ್ದೆವು, ಕಾರಣ ಇದೇ. ಜೇಡಿಮಣ್ಣು, ಭತ್ತದ ಹೊಟ್ಟು, ಸಗಣಿ ಕಲಸಿ ಮತ್ತೆ ಮೊದಲಿನ ಅಳತೆಗೆ ತಂದೆ. ಆ ಸಂದಿನಷ್ಟೇ ದಪ್ಪದ ಕಾಫಿ ಕಡ್ಡಿಯೊಂದನ್ನು ಒಲೆ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಪ್ರತಿ ಮೇ ತಿಂಗಳು ಚಿಮಣಿಯ ಮಸಿ ಉದುರಿಸುವ ದಿನವೇ ಕಡ್ಡಿ ಇಟ್ಟು ನೋಡುವುದು. ಈ ಸಲ ಕಡ್ಡಿ ಒಳಗೆ ಸಲೀಸಾಗಿ ಓಡಾಡಿತು. ಮತ್ತೆ ಒಂದು ಬುಟ್ಟಿ ಮಣ್ಣು ಕಲಸಿದೆ.